ಅಕ್ಕನ ಮಗಳು ಅಂತಾನೆ, ನಂಬಬೇಕಾ?

ಪ್ರಶ್ನೆ: ಮೇಡಂ, ನಾವು ಗದಗ ಕಡೆಯವರು. ಗೋವಾಕ್ಕೆ ಬಂದು ಹನ್ನೊಂದು ವರ್ಷ ಆಯ್ತು. ಝುವಾರಿನಗರದಲ್ಲಿ ಮನೆ. ನಾನು ಬೀಚ್ ಕಡೆಯ ಒಂದು ಗೆಸ್ಟ್‌ಹೌಸಿನಲ್ಲಿ ರೂಮ್ ಸ್ವಚ್ಛ ಮಾಡುವ ಕೆಲಸಕ್ಕೆ ಹೋಗುತ್ತೇನೆ. ಎರಡು ವಾರದಿಂದ ಅಲ್ಲಿ ನಮ್ಮ ಕಡೆಯವನೇ ಒಬ್ಬ ಉಳಿದಿದ್ದಾನೆ. ಜೊತೆಗೆ ಒಂದು ಹುಡುಗಿ. ಅಕ್ಕನ ಮಗಳು ಅಂತಾನೆ. ಅವಳ ಆಧಾರ್‌ನಲ್ಲಿ ವಯಸ್ಸು 19 ಅಂತ ಇದೆಯಂತೆ. ನೋಡಿದರೆ ಹದಿನಾಲ್ಕು ದಾಟಿಲ್ಲ. ಹಗಲು ಹೊರಗೆ ಬರಲ್ಲ. ಸಂಜೆ ಕಾರು ಬಂದು ಕರೆದುಕೊಂಡು ಹೋಗುತ್ತದೆ, ಬೆಳಗಿನ ಜಾವ ಬಿಟ್ಟು ಹೋಗುತ್ತದೆ. ಒಂದು ದಿನ ಬೆಡ್‌ಶೀಟ್ ಬದಲಿಸುವಾಗ "ಅಕ್ಕಾ, ನಿಮ್ಮೂರು ಯಾವುದು" ಅಂತ ಕೇಳಿ ಅತ್ತುಬಿಟ್ಟಳು. ಅಷ್ಟರಲ್ಲಿ ಅವನು ಬಂದ. ಪೊಲೀಸರಿಗೆ ಹೇಳಿದರೆ ನನ್ನನ್ನೇ ಅಲೆಸುತ್ತಾರಾ? ಹುಡುಗಿಯನ್ನು ಎಲ್ಲಿಗೆ ಕಳಿಸುತ್ತಾರೆ? ಸರ್ಕಾರ ನಿಜವಾಗಿ ಏನಾದರೂ ಮಾಡುತ್ತದಾ, ಸುಮ್ನೆ ಪೋಸ್ಟರ್ ಅಂಟಿಸುತ್ತದಾ?

ಉತ್ತರ: ಅಕ್ಕಾವ್ರೇ, ಇದನ್ನು ಪೂರ್ತಿ ಓದುವ ಮುಂಚೆ ಫೋನ್ ಮಾಡಿ. ಪೊಲೀಸರ ತುರ್ತು ನಂಬರು 112 ಅಥವಾ ಮಕ್ಕಳ ಸಹಾಯವಾಣಿ 1098. ಎರಡೂ ಪುಕ್ಕಟೆ, ಎರಡೂ ಹಗಲು ರಾತ್ರಿ ನಡೆಯುತ್ತವೆ. ಕಾರು ಈಗಲೇ ಬರುತ್ತಿದೆ ಅಂದರೆ 112. ನಿಮ್ಮ ಪತ್ರ ಓದಿದ ಕೂಡಲೇ ನಾನೂ ಫೋನ್ ಮಾಡಿದ್ದೇನೆ, ಯಾಕಂದರೆ ಇಂಥದ್ದು ಗೊತ್ತಾದ ಮೇಲೆ ತಿಳಿಸುವುದು ಕಾನೂನಿನಲ್ಲಿ ನನಗೂ ಕಡ್ಡಾಯ. ಆದರೆ ನೀವು ಗೆಸ್ಟ್‌ಹೌಸಿನ ಹೆಸರು ಬರೆದಿಲ್ಲ. ಬೀಚ್ ಕಡೆ ಅಂದರೆ ಗೋವಾದಲ್ಲಿ ಎಲ್ಲವೂ ಬೀಚ್ ಕಡೆಯೇ. ಆ ಹೆಸರು ನಿಮ್ಮ ಬಾಯಿಂದಲೇ ಬರಬೇಕು.

ನಿಮ್ಮ ಭಯಕ್ಕೆ ಮೊದಲ ಉತ್ತರ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆಯ 19ನೇ ಕಲಮಿನಲ್ಲಿ ಎರಡು ಮಾತಿವೆ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಥವಾ ಆಗಬಹುದು ಅಂತ ಗೊತ್ತಿರುವ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು ಅನ್ನುವುದು ಒಂದು. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಕೇಸೂ ಹಾಕುವಂತಿಲ್ಲ ಅನ್ನುವುದು ಇನ್ನೊಂದು. ನಾಳೆ ನಿಮ್ಮ ಅನುಮಾನ ಸುಳ್ಳು ಅಂತಾದರೂ, ಅವಳು ನಿಜಕ್ಕೂ 19ರವಳು ಅಂತಾದರೂ, ನಿಮಗೆ ಶಿಕ್ಷೆ ಇಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರಿಗೆ ಮಾತ್ರ ಆರು ತಿಂಗಳವರೆಗೆ ಜೈಲಿದೆ. ಸಂಸ್ಥೆ, ಕಂಪನಿ ನಡೆಸುವವರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷ.

ತನಿಖೆ ನಿಮ್ಮ ಕೆಲಸ ಅಲ್ಲ. ಇದನ್ನು ಎರಡು ಸಲ ಹೇಳುತ್ತೇನೆ, ಯಾಕಂದರೆ ನಮ್ಮ ಹೆಣ್ಣುಮಕ್ಕಳು ಧೈರ್ಯ ಮಾಡಿದರೆ ಜಾಸ್ತಿಯೇ ಮಾಡುತ್ತಾರೆ. ಹುಡುಗಿಯನ್ನು ಕೂರಿಸಿಕೊಂಡು "ಏನೇನು ಮಾಡಿದರು ಹೇಳು" ಅಂತ ಕೇಳಬೇಡಿ. ಅವನನ್ನು ಎದುರಿಸಬೇಡಿ, ಅದೇ ರಾತ್ರಿ ರೂಮ್ ಖಾಲಿ ಆಗುತ್ತದೆ. ಅವಳ ಫೋಟೋ ತೆಗೆಯಬೇಡಿ. ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ "ಯಾರ ಮನೆ ಹುಡುಗಿ ಇದು" ಅಂತ ಹಾಕುವುದಂತೂ ಬೇಡವೇ ಬೇಡ. ಮಗುವಿನ ಗುರುತು ಹೊರಗೆ ಹಾಕುವುದೇ ಅಪರಾಧ. ಊರಿಗೆ ಸುದ್ದಿ ಮುಟ್ಟಿದ ಮೇಲೆ ಆ ಹುಡುಗಿ ಅಲ್ಲಿ ತಲೆ ಎತ್ತಿ ನಡೆಯಲಾರಳು. ಕಣ್ಣಿಗೆ ಬಿದ್ದದ್ದಷ್ಟೇ ನೆನಪಿಟ್ಟುಕೊಳ್ಳಿ: ರೂಮ್ ನಂಬರು, ಕಾರಿನ ನಂಬರು, ಬರುವ ಹೊತ್ತು, ಹೋಗುವ ಹೊತ್ತು.

ಆಧಾರ್ ಬಗ್ಗೆ. ಇಂಥ ಮಕ್ಕಳ ಜೊತೆ ಆಸ್ಪತ್ರೆಗೆ, ಕೋರ್ಟಿಗೆ ಹೋಗುವ ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಲಾಡ್ಜಿನ ಮ್ಯಾನೇಜರುಗಳ ಬಾಯಲ್ಲಿ ಅತಿ ಹೆಚ್ಚು ಕೇಳಿದ ವಾಕ್ಯ "ಕಾರ್ಡ್ ನೋಡಿದ್ದೀವಿ ಮೇಡಂ" ಅನ್ನುವುದೇ. ವಯಸ್ಸು ಗೊತ್ತು ಮಾಡುವ ಕ್ರಮ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನಲ್ಲಿದೆ. ಮೊದಲು ಶಾಲೆಯ ದಾಖಲೆ ಅಥವಾ ಹತ್ತನೇ ತರಗತಿಯ ಪ್ರಮಾಣಪತ್ರ. ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಆಧಾರ್ ಈ ಸಾಲಿನಲ್ಲೇ ಇಲ್ಲ. ಜನ್ಮದಿನಾಂಕಕ್ಕೆ ಆಧಾರ್ ಪುರಾವೆಯಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ನಮ್ಮ ಕಡೆಯ ಹುಡುಗಿಯರ ವಿಷಯದಲ್ಲಿ ಇದು ಒಂದು ರೀತಿಯಲ್ಲಿ ಅನುಕೂಲವೇ. ಜನನ ಪ್ರಮಾಣಪತ್ರ ಮಾಡಿಸದ ಮನೆಗಳಿವೆ, ಆದರೆ ಒಂದನೇ ಇಯತ್ತೆಗೆ ಹೆಸರು ಹಚ್ಚದ ಮನೆ ಈಗ ಕಮ್ಮಿ. ಊರಿನ ಶಾಲೆಯ ದಾಖಲಾತಿ ಪುಸ್ತಕದ ಒಂದು ಸಾಲು ಇಡೀ ಕೇಸನ್ನು ಎತ್ತಿ ನಿಲ್ಲಿಸಿದ್ದನ್ನು ನಾನು ಕಂಡಿದ್ದೇನೆ. ಹೆಡ್‌ಮಾಸ್ತರರು ಅದೇ ದಿನ ಪುಟದ ಫೋಟೋ ಕಳಿಸಿದ್ದರು, ಪುಣ್ಯಾತ್ಮರು.

ಇನ್ನು "ಅಕ್ಕನ ಮಗಳು" ಅನ್ನುವ ಮಾತು. ಇದರ ಕಳ್ಳತನ ನಿಮಗೂ ನನಗೂ ಗೊತ್ತಾಗುತ್ತದೆ, ಕೊಂಕಣಿ ಮಾತಾಡುವ ಪೊಲೀಸರಿಗೆ ಗೊತ್ತಾಗುವುದಿಲ್ಲ. ನಮ್ಮಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಇದೆ ಅಲ್ವಾ? ಇವತ್ತು "ನನ್ನ ಅಕ್ಕನ ಮಗಳು, ಕೆಲಸ ಕೊಡಿಸೋಕೆ ಕರೆತಂದೆ" ಅನ್ನುತ್ತಾನೆ. ಸಿಕ್ಕಿಬಿದ್ದ ದಿನ "ನನ್ನ ಹೆಂಡತಿ" ಅನ್ನುತ್ತಾನೆ. ಎರಡೂ ಬಾಗಿಲು ತೆರೆದಿಟ್ಟುಕೊಂಡಿರುತ್ತಾನೆ. ಎರಡನ್ನೂ ಕಾನೂನು ಮುಚ್ಚಿದೆ. ಕರ್ನಾಟಕದ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಮೊದಲ ದಿನದಿಂದಲೇ ಅಸಿಂಧು. ಹೆಂಡತಿಯಾದರೂ ಹದಿನೆಂಟು ತುಂಬಿರದಿದ್ದರೆ ಅದು ಅತ್ಯಾಚಾರವೇ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ವಯಸ್ಸು ಇದೆ. "ಅವಳೇ ಒಪ್ಪಿದಳು" ಅನ್ನುವ ವಾದವೂ ಹದಿನೆಂಟರ ಒಳಗೆ ನಡೆಯುವುದಿಲ್ಲ. ಮೇಲಾಗಿ ನಿಜವಾದ ರಕ್ತಸಂಬಂಧಿಯೇ ದೌರ್ಜನ್ಯ ಮಾಡಿದ್ದರೆ ಪೋಕ್ಸೊದಲ್ಲಿ ಅದು ಇನ್ನೂ ಗಂಭೀರ ಅಪರಾಧ. ಮಾಮಾ ಅಂತ ಹೇಳಿಕೊಂಡು ಅವನು ತನ್ನ ಶಿಕ್ಷೆಯನ್ನೇ ಏರಿಸಿಕೊಳ್ಳುತ್ತಿದ್ದಾನೆ, ಅಷ್ಟೇ.

ಸರ್ಕಾರ ಏನು ಮಾಡಿದೆ ಅಂತ ಕೇಳಿದ್ದೀರಿ. ಕಾಯ್ದೆ ಬರೆಯುವುದರಲ್ಲಿ ಗೋವಾ ದೇಶಕ್ಕಿಂತ ಮುಂದಿತ್ತು. ಕೇಂದ್ರದ ಪೋಕ್ಸೊ ಜಾರಿಗೆ ಬಂದದ್ದು 2012ರ ನವೆಂಬರ್ 14ಕ್ಕೆ. ಗೋವಾ ಮಕ್ಕಳ ಕಾಯ್ದೆ 2003ರದು. ಅದರ ಹಿಂದೆ ಒಂದು ಹೇಸಿಗೆಯ ಕಥೆ ಇದೆ. ಮಡಗಾಂವ್ ಕಡೆ ಫ್ರೆಡ್ಡಿ ಪೀಟ್ಸ್ ಅನ್ನುವವನೊಬ್ಬ ಅನಾಥ ಮಕ್ಕಳ ಆಶ್ರಮ ನಡೆಸುತ್ತಿದ್ದ. ಊರಿಗೆ ದೊಡ್ಡ ದಾನಿ. 1991ರಲ್ಲಿ ಅವನನ್ನು ಹಿಡಿದಾಗ ಮಕ್ಕಳನ್ನು ವಿದೇಶಿಯರಿಗೆ ಒಪ್ಪಿಸುತ್ತಿದ್ದದ್ದು ಬಯಲಾಯಿತು, ಸಾವಿರಗಟ್ಟಲೆ ಫೋಟೋಗಳು ಸಿಕ್ಕವು. 1996ರಲ್ಲಿ ಜೀವಾವಧಿ ಶಿಕ್ಷೆ ಆಯಿತು. ಮುಂಬೈಯಲ್ಲೂ ಇಂಥದ್ದೇ ನಡೆದಿತ್ತು. ಬೀದಿ ಮಕ್ಕಳಿಗೆ ಆಶ್ರಯ ಅಂತ ಕೊಲಾಬಾದಲ್ಲಿ ಬ್ರಿಟಿಷರು ನಡೆಸುತ್ತಿದ್ದ ಆಂಕರೇಜ್ ಆಶ್ರಮದ ಕೇಸಿನಲ್ಲಿ ಕೆಳ ಕೋರ್ಟು ಶಿಕ್ಷೆ ಕೊಟ್ಟಿತು, ಹೈಕೋರ್ಟ್ ಬಿಟ್ಟಿತು, 2011ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಮತ್ತೆ ಎತ್ತಿಹಿಡಿಯಿತು. ದಾನಧರ್ಮದ ಬೋರ್ಡು ನೋಡಿ ಯಾರೂ ಒಳಗೆ ಇಣುಕುತ್ತಿರಲಿಲ್ಲ. ಈಗ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯೂ ಬಾಲನ್ಯಾಯ ಕಾಯ್ದೆಯಲ್ಲಿ ನೋಂದಣಿ ಆಗಲೇಬೇಕು.

ಗೋವಾ ಕಾಯ್ದೆಯಲ್ಲಿ ನಿಮ್ಮ ಗೆಸ್ಟ್‌ಹೌಸಿಗೆ ನೇರವಾಗಿ ತಾಗುವ ಒಂದು ಮಾತಿದೆ. ಮಗು ಯಾವ ರೂಮಿನಲ್ಲಿ ಇರುತ್ತದೋ ಆ ರೂಮಿಗೆ ಮನೆಯವರ ಅಥವಾ ರಕ್ತಸಂಬಂಧಿಯ ಜೊತೆ ಅದರ ಹೆಸರು ರಿಜಿಸ್ಟರಿನಲ್ಲಿ ಇರಬೇಕು. ಇಲ್ಲದಿದ್ದರೆ ಮಗುವನ್ನು ರೂಮಿಗೆ ಬಿಡುವಂತಿಲ್ಲ. ಬಿಟ್ಟರೆ ಹೊಣೆ ಮಾಲೀಕನದು, ಮ್ಯಾನೇಜರನದು. ಅಂದರೆ ನಾಳೆ ಪೊಲೀಸರು ಬಂದರೆ ಮೊದಲು ಬೆವರುವವರು ಅವರು, ನೀವಲ್ಲ. ಹಾಗಂತ ನಿಮ್ಮ ಕೆಲಸ ಉಳಿಯುತ್ತದೆ ಅಂತ ನಾನು ಭರವಸೆ ಕೊಡಲಾರೆ. ಅಂಥ ಮಾಲೀಕರು ನೆಪ ಹುಡುಕಿ ಕಳಿಸಿಬಿಡುತ್ತಾರೆ. ಅದಕ್ಕೇ ಹೇಳುವುದು, ಹೊರಗಿನಿಂದ ಫೋನ್ ಮಾಡಿ, ಮೊದಲೇ "ನನ್ನ ಹೆಸರು ಹೇಳಬೇಡಿ" ಅನ್ನಿ, ಅಲ್ಲಿ ಯಾರ ಹತ್ತಿರವೂ ಬಾಯಿ ಬಿಡಬೇಡಿ.

ಅದೇ ಕಾಯ್ದೆಯಲ್ಲಿ ಫೋಟೋ ಸ್ಟುಡಿಯೋದವರಿಗೂ ಒಂದು ಕಟ್ಟಪ್ಪಣೆ ಇದೆ. ರೀಲು ತೊಳೆಯುವಾಗ ಮಕ್ಕಳ ಅಶ್ಲೀಲ ಚಿತ್ರ ಕಂಡರೆ ಪೊಲೀಸರಿಗೆ ಹೇಳಬೇಕು ಅಂತ. ಸೈಬರ್ ಕೆಫೆಗಳಿಗೂ ಇಂಥ ನಿಯಮ ಇದೆ. ಓದಿದರೆ ಈಗ ನಗು ಬರುತ್ತದೆ, ರೀಲು ಎಲ್ಲಿ, ಕೆಫೆ ಎಲ್ಲಿ. ಈಗ ಎಲ್ಲ ಮೊಬೈಲಿನಲ್ಲೇ. ಆದರೆ ಅಲ್ಲೂ ಬಲೆ ಬಿಗಿಯಾಗಿದೆ. ಮಕ್ಕಳ ಇಂಥ ವೀಡಿಯೋ ಹರಿದಾಡಿದರೆ ಅಮೆರಿಕದ ಒಂದು ಸಂಸ್ಥೆಗೆ ಸುಳಿವು ಸಿಗುತ್ತದೆ. 2019ರ ಒಪ್ಪಂದದ ಪ್ರಕಾರ ಅದು ದೆಹಲಿಗೆ ಬಂದು ಅಲ್ಲಿಂದ ಆಯಾ ರಾಜ್ಯದ ಪೊಲೀಸರಿಗೆ ಬರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇಂಥ ವೀಡಿಯೋ ನೋಡಿ ಇಟ್ಟುಕೊಳ್ಳುವುದೂ ಅಪರಾಧ ಆಗಬಹುದು ಅಂತ ಸ್ಪಷ್ಟ ಮಾಡಿದೆ. ಯಾರೋ ಕಳಿಸಿದರು, ನಾನು ಸುಮ್ನೆ ಇಟ್ಟುಕೊಂಡೆ ಅನ್ನುವವರು ಇದನ್ನು ಗಮನಿಸಲಿ.

ಈಗ ನೀವು ಫೋನ್ ಮಾಡಿದ ಮೇಲೆ ಏನಾಗುತ್ತದೆ ಅಂತ ನೋಡೋಣ.

ಪೊಲೀಸರು ಗೆಸ್ಟ್‌ಹೌಸಿಗೆ ಬರುತ್ತಾರೆ. ಹುಡುಗಿಯ ಹೇಳಿಕೆಯನ್ನು ಆದಷ್ಟು ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಮ್ಮಿ ಇಲ್ಲದ ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು, ಅದೂ ಖಾಕಿ ಹಾಕಿಕೊಳ್ಳದೆ, ಮಗು ಇಷ್ಟಪಟ್ಟ ಜಾಗದಲ್ಲಿ. ರಾತ್ರಿ ಅವಳನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ವೈದ್ಯಕೀಯ ಪರೀಕ್ಷೆ ಮಾಡುವವರು ಹೆಣ್ಣು ಡಾಕ್ಟರೇ ಆಗಿರಬೇಕು. ಇಪ್ಪತ್ನಾಲ್ಕು ಗಂಟೆ ಒಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವಿಷಯ ಮುಟ್ಟಬೇಕು. ಅಧ್ಯಕ್ಷರು ಮತ್ತು ನಾಲ್ಕು ಸದಸ್ಯರ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರ ಇದೆ. ಉತ್ತರ ಗೋವಾಕ್ಕೆ ಒಂದು, ದಕ್ಷಿಣಕ್ಕೆ ಒಂದು. ಹುಡುಗಿ ಎಲ್ಲಿರಬೇಕು ಅಂತ ತೀರ್ಮಾನಿಸುವವರು ಇವರೇ, ಪೊಲೀಸರಲ್ಲ. ಪಣಜಿ ಪಕ್ಕದ ಮೆರ್ಸೆಸ್‌ನಲ್ಲಿ ಅಪ್ನಾ ಘರ್ ಅನ್ನುವ ಸರ್ಕಾರದ ಮಕ್ಕಳ ಆಶ್ರಯ ಮನೆ ಇದೆ, ಮಕ್ಕಳನ್ನು ಸಾಮಾನ್ಯವಾಗಿ ಮೊದಲು ಅಲ್ಲಿಗೆ ಕಳಿಸುತ್ತಾರೆ. ಸಮಿತಿಯು ಮಗುವಿನ ಪರವಾಗಿ ಒಬ್ಬ ಸಪೋರ್ಟ್ ಪರ್ಸನ್ ಅನ್ನೂ ಕೊಡಬಹುದು. ಆಸ್ಪತ್ರೆಗೆ, ಕೋರ್ಟಿಗೆ ಜೊತೆ ಹೋಗುವುದು, ಕೇಸು ಎಲ್ಲಿಗೆ ಬಂತು ಅಂತ ತಿಳಿಸುವುದು ಅವರ ಕೆಲಸ. ನಾನು ಮಾಡಿಕೊಂಡು ಬಂದದ್ದು ಇದೇ. ಜೊತೆಗೆ ಕನ್ನಡದ ಅನುವಾದ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕಂದರೆ ನಮ್ಮ ಮಕ್ಕಳ ಕೇಸು ಮುರಿಯುವುದು ಇಲ್ಲೇ.

ಮಗು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು ಅಂತ ಪೋಕ್ಸೊದ 26ನೇ ಕಲಮು ಹೇಳುತ್ತದೆ. ಭಾಷೆ ಬೇರೆಯಾದರೆ ಅನುವಾದಕರನ್ನು ಕರೆಸಬಹುದು ಅಂತಲೂ ಇದೆ, ಕೋರ್ಟಿನಲ್ಲೂ ಅದೇ ಸೌಲಭ್ಯ ಇದೆ. ಆದರೆ ರಾತ್ರಿ ಹನ್ನೊಂದಕ್ಕೆ ಕನ್ನಡದವರನ್ನು ಎಲ್ಲಿಂದ ತರುವುದು? ಠಾಣೆ ಎದುರಿನ ಹೋಟೆಲಿನ ಅಡುಗೆಯವನು ಬರುತ್ತಾನೆ. ಇಲ್ಲವೇ ಹುಡುಗಿಗೇ "ಥೋಡಾ ಹಿಂದಿ ಆತಾ ಹೈ ನಾ" ಅನ್ನುತ್ತಾರೆ. ಮಗು ತಲೆ ಆಡಿಸುತ್ತದೆ. ಅವತ್ತು ಅದು ಏನು ಕೇಳಿದರೂ ತಲೆ ಆಡಿಸುತ್ತದೆ.

ಒಂದು ಕೇಸಿನಲ್ಲಿ ಹದಿಮೂರರ ಹುಡುಗಿ ಹೇಳಿದ್ದು ಇಷ್ಟು: "ಮೊನ್ನೆ ಆ ಮಾಮಾ ಭಾಳ ತ್ರಾಸ ಕೊಟ್ಟ." ನಿಮಗೆ, ನನಗೆ ಇದರಲ್ಲಿ ಗೊಂದಲವೇ ಇಲ್ಲ. ಮೊನ್ನೆ ಅಂದರೆ ಇತ್ತೀಚೆಗೆ ಯಾವಾಗಲೋ, ಹತ್ತು ದಿನದ ಹಿಂದೆಯೂ ಆಗಬಹುದು. ಮಾಮಾ ಅಂದರೆ ಯಾರೋ ಗಂಡಸು. ತ್ರಾಸ ಅಂದರೆ ಆ ಮಗು ಬಾಯಿಬಿಟ್ಟು ಹೇಳಲಾಗದ್ದು. ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬಂದದ್ದು ಬೇರೆಯೇ: ನೆನ್ನೆಯ ಹಿಂದಿನ ದಿನ ತನ್ನ ಸೋದರಮಾವ ತನಗೆ ತುಂಬಾ ಕಿರಿಕಿರಿ ಮಾಡಿದ. ಪೊಲೀಸರು ಬಾಗಲಕೋಟೆ ಜಿಲ್ಲೆಗೆ ಹೋಗಿ ಹೊಲದಲ್ಲಿದ್ದ ನಿಜವಾದ ಸೋದರಮಾವನನ್ನು ಎಬ್ಬಿಸಿಕೊಂಡು ಬಂದರು. ಆ ಬಡಪಾಯಿ ಗೋವಾವನ್ನೇ ನೋಡಿರಲಿಲ್ಲ. ಅಸಲಿ ಆರೋಪಿ ಕೋರ್ಟಿನಲ್ಲಿ ಟಿಕೆಟ್ ತೋರಿಸಿದ, ಆ ದಿನ ತಾನು ಪುಣೆಯಲ್ಲಿದ್ದೆ ಅಂತ. ಇದ್ದದ್ದು ನಿಜವೇ. ಕೇಸನ್ನು ಉಳಿಸಿದ್ದು ಹೇಳಿಕೆಯ ಆಡಿಯೋ. ಸಾಧ್ಯವಾದ ಕಡೆ ಹೇಳಿಕೆಯನ್ನು ರೆಕಾರ್ಡ್ ಮಾಡಬೇಕು ಅಂತ ಕಾಯ್ದೆಯಲ್ಲಿದೆ, ಅಧಿಕಾರಿ ಪುಣ್ಯಕ್ಕೆ ಅದನ್ನು ಮಾಡಿದ್ದರು. ನ್ಯಾಯಾಧೀಶರ ಮುಂದೆ ಕೂತು ನಾನು "ಮೊನ್ನೆ" ಅನ್ನುವ ಒಂದು ಪದಕ್ಕೆ ಅರ್ಧ ಗಂಟೆ ವಿವರಣೆ ಕೊಟ್ಟೆ. ಬೇಂದ್ರೆಯವರ ಊರಿನವಳು ನಾನು, ಆದರೂ ಕನ್ನಡಕ್ಕೆ ಅಷ್ಟು ಬೆವರು ಹರಿಸಿದ್ದು ಅವತ್ತೇ.

ಅನುವಾದಕರು ಅಂದರೆ ದೊಡ್ಡ ಡಿಗ್ರಿ ಬೇಕು ಅಂದುಕೊಳ್ಳಬೇಡಿ. 2020ರ ಪೋಕ್ಸೊ ನಿಯಮದ ಪ್ರಕಾರ ಮಗುವಿನ ಭಾಷೆ, ರಾಜ್ಯದ ಭಾಷೆ ಎರಡರಲ್ಲೂ ಕೆಲಸ ಮಾಡುವಷ್ಟು ಪರಿಚಯ ಇದ್ದರೆ ಸಾಕು. ಅದು ಮಾತೃಭಾಷೆ ಅಂತಲೋ, ಪ್ರಾಥಮಿಕ ಶಾಲೆಯಲ್ಲಿ ಆ ಮಾಧ್ಯಮದಲ್ಲಿ ಓದಿದ್ದು ಅಂತಲೋ, ಆ ಜಾಗದಲ್ಲಿ ಇದ್ದು ಕಲಿತದ್ದು ಅಂತಲೋ ಆಗಬಹುದು. ಎರಡೂ ಕಡೆಯ ಯಾರಿಗೂ ಬೇಕಾದವರಾಗಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಇಂಥವರ ಪಟ್ಟಿ ಇರಬೇಕು, ಅವರಿಗೆ ಶುಲ್ಕ ಸರ್ಕಾರ ಕೊಡುತ್ತದೆ, ಮಗುವಿನ ಮನೆಯವರಲ್ಲ. ವಾಸ್ಕೋ ಕಡೆ ಕನ್ನಡ ಶಾಲೆಯ ಮೇಷ್ಟ್ರುಗಳಿದ್ದಾರೆ, ನಿವೃತ್ತ ಬ್ಯಾಂಕಿನವರಿದ್ದಾರೆ, ಸಂಘದ ಪದಾಧಿಕಾರಿಗಳಂತೂ ಬೇಕಾದಷ್ಟಿದ್ದಾರೆ. ರಾಜ್ಯೋತ್ಸವಕ್ಕೆ ಶಾಲು, ಹಾರ, ಆರ್ಕೆಸ್ಟ್ರಾ ಎಲ್ಲ ಇರಲಿ, ಬೇಡ ಅನ್ನಲ್ಲ. ಆದರೆ ಆ ಪಟ್ಟಿಯಲ್ಲಿ ನಾಲ್ಕು ಕನ್ನಡದ ಹೆಸರು ಬರೆಸಿ. ನಾನು ಹಲವು ಸಭೆಗಳಲ್ಲಿ ಕೇಳಿದ್ದೇನೆ. ಚಪ್ಪಾಳೆ ಬಂತು, ಹೆಸರು ಬರಲಿಲ್ಲ.

ಕೋರ್ಟಿನ ಬಗ್ಗೆ ಹೆಚ್ಚು ಹೆದರುವುದು ಬೇಡ. ಗೋವಾ ಕಾಯ್ದೆ ಮಕ್ಕಳಿಗೆ ಅಂತಲೇ ಬೇರೆ ನ್ಯಾಯಾಲಯ ಕೊಟ್ಟಿದೆ, ಪಣಜಿಯಲ್ಲಿ. ವಿಚಾರಣೆ ಬಾಗಿಲು ಹಾಕಿಕೊಂಡು ನಡೆಯುತ್ತದೆ. ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ಎದುರಾಳಿ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವಿಗೆ ಕೇಳುತ್ತಾರೆ. ಒಂದು ವರ್ಷದಲ್ಲಿ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತದೆ, "ಸಾಧ್ಯವಾದಷ್ಟು" ಅಂತಲೂ ಸೇರಿಸಿದೆ. ಆ "ಸಾಧ್ಯವಾದಷ್ಟು" ಅನ್ನುವುದರಲ್ಲಿ ಎಷ್ಟು ವರ್ಷ ಹಿಡಿಸುತ್ತದೆ ಅಂತ ಕೋರ್ಟಿನ ಬೆಂಚಿನ ಮೇಲೆ ಕೂತವರನ್ನು ಕೇಳಿ. ಹಣದ ನೆರವು ತೀರ್ಪಿಗೆ ಕಾಯಬೇಕಾಗಿಲ್ಲ. ಎಫ್‌ಐಆರ್ ಆದ ಮೇಲೆ ಯಾವಾಗ ಬೇಕಾದರೂ ಮಧ್ಯಂತರ ಪರಿಹಾರ ಕೇಳಬಹುದು, ಆರೋಪಿ ಸಿಗದಿದ್ದರೂ, ಬಿಡುಗಡೆ ಆದರೂ ಪರಿಹಾರ ಕೊಡಬಹುದು. ಮಹಾರಾಷ್ಟ್ರದಲ್ಲಿ ಇದಕ್ಕೆ 2013ರಿಂದ ಮನೋಧೈರ್ಯ ಅನ್ನುವ ಬೇರೆ ಯೋಜನೆಯೇ ಇದೆ. ಮುಂಬೈ, ಪುಣೆಯ ಓದುಗರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ.

ಹುಡುಗಿಯನ್ನು ಎಲ್ಲಿಗೆ ಕಳಿಸುತ್ತಾರೆ ಅನ್ನುವ ನಿಮ್ಮ ಪ್ರಶ್ನೆ ಇದೆಯಲ್ಲ, ಅದು ಎಲ್ಲಕ್ಕಿಂತ ಕಷ್ಟದ್ದು. ಮಾಧ್ಯಮದವರಿಗೆ ದಾಳಿ ಸುದ್ದಿ. ಬಿಡಿಸಿಕೊಂಡು ಬಂದ ಆರನೇ ತಿಂಗಳು ಯಾರಿಗೂ ಸುದ್ದಿಯಲ್ಲ.

ವಾಸ್ಕೋದ ಬೈನಾ ಬೀಚನ್ನೇ ನೋಡಿ. ಹಳಬರಿಗೆ ಗೊತ್ತು, ಅದು ವೇಶ್ಯಾವಾಟಿಕೆಯ ಜಾಗ, ಅಲ್ಲಿನ ಗುಡಿಸಲುಗಳಲ್ಲಿ ಕನ್ನಡ, ತೆಲುಗು ಬಿಟ್ಟು ಬೇರೆ ಮಾತು ಕಮ್ಮಿ ಕೇಳಿಸುತ್ತಿತ್ತು. ನಮ್ಮ ಕಡೆ ದೇವದಾಸಿ ಅಂತ ಮುತ್ತು ಕಟ್ಟಿಸಿಕೊಂಡು ಬಂದವರೂ ಅವರಲ್ಲಿದ್ದರು. ದೇವದಾಸಿ ಬಿಡುವುದನ್ನು ಕರ್ನಾಟಕ 1982ರಲ್ಲೇ ನಿಷೇಧಿಸಿದೆ, ಆದರೂ 2007-08ರ ಸಮೀಕ್ಷೆಯಲ್ಲಿ 46 ಸಾವಿರಕ್ಕೂ ಹೆಚ್ಚು ಮಂದಿ ಲೆಕ್ಕಕ್ಕೆ ಸಿಕ್ಕರು. 2004ರ ಮಳೆಗಾಲದಲ್ಲಿ ಗೋವಾ ಸರ್ಕಾರ ಬೈನಾದ ಗುಡಿಸಲುಗಳನ್ನು ಬುಲ್ಡೋಜರ್ ತಂದು ಕೆಡವಿತು. ಜಾಗ ಸ್ವಚ್ಛ ಆಯಿತು. ದಂಧೆ ಲಾಡ್ಜಿಗೆ, ಫ್ಲ್ಯಾಟಿಗೆ, ಆಮೇಲೆ ಫೋನಿಗೆ ಹೋಯಿತು. ಬೈನಾದಲ್ಲಿದ್ದಾಗ ಒಂದು ಹೊಸ ಮಗು ಬಂದರೆ ಅಂಗನವಾಡಿಯವರಿಗೆ, ಸಂಘ ಸಂಸ್ಥೆಯವರಿಗೆ ಗೊತ್ತಾಗುತ್ತಿತ್ತು. ಈಗ ಗೊತ್ತಾಗುವುದು ಬೆಡ್‌ಶೀಟ್ ಬದಲಿಸುವ ನಿಮ್ಮಂಥವರಿಗೆ. ಸರ್ಕಾರದ ಎಲ್ಲ ಹೆಜ್ಜೆಗಳಲ್ಲಿ ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ.

ಮುಂಬೈಗೂ ಇದೇ ಪಾಠ ಮೊದಲೇ ಆಗಿತ್ತು. 1996ರ ಫೆಬ್ರವರಿಯಲ್ಲಿ ಅಲ್ಲಿನ ವೇಶ್ಯಾವಾಟಿಕೆಯ ಕಾಮಾಠಿಪುರ ಕಡೆ ದೊಡ್ಡ ದಾಳಿ ನಡೆದು 400ಕ್ಕೂ ಹೆಚ್ಚು ಹುಡುಗಿಯರನ್ನು ಬಿಡಿಸಿದರು. ಇಡಲು ಜಾಗವಿಲ್ಲ, ನೇಪಾಳಿ ಹುಡುಗಿಯರನ್ನು ವಾಪಸ್ ಕಳಿಸುವುದು ಹೇಗೆ ಅಂತ ಗೊತ್ತಿಲ್ಲ. ಎಷ್ಟೋ ತಿಂಗಳು ಒದ್ದಾಡಿದರು. ಅದೇ ಊರಲ್ಲಿ ಅದೇ ವರ್ಷ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು 1098 ಶುರುಮಾಡಿದರು. ನೀವು ಇವತ್ತು ಒತ್ತುವ ನಂಬರು ಹುಟ್ಟಿದ್ದು ಹಾಗೆ. 2023ರಿಂದ ಅದನ್ನು ಸರ್ಕಾರವೇ ನಡೆಸುತ್ತಿದೆ, 112ಕ್ಕೆ ಜೋಡಿಸಿದ್ದಾರೆ.

ಹಾಗಾಗಿ ಈ ಹುಡುಗಿಯನ್ನು ನಾಳೆಯೇ ರೈಲು ಹತ್ತಿಸಿ ಲೋಂಡಾ ದಾಟಿಸಿಬಿಟ್ಟರೆ ಆಯ್ತು ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಅವಳನ್ನು ಕಳಿಸಿದವರು ಯಾರು ಅನ್ನುವುದು ಮೊದಲು ಗೊತ್ತಾಗಬೇಕು. ಅಪ್ಪನೇ ಸಾಲಕ್ಕೆ ಒಪ್ಪಿಸಿದ್ದರೆ? ನಾನು ನೋಡಿದ ಒಬ್ಬ ಹುಡುಗಿ ಊರಿಗೆ ಹೋದ ಎರಡೇ ತಿಂಗಳಿಗೆ ಪುಣೆಯ ವೇಶ್ಯಾವಾಟಿಕೆಯ ಬುಧವಾರ ಪೇಟೆಯಲ್ಲಿ ಸಿಕ್ಕಳು. ಅದಕ್ಕೇ ಕಾನೂನಿನಲ್ಲಿ ಮನೆಯ ಪರಿಸ್ಥಿತಿ ವಿಚಾರಿಸದೆ ಮಗುವನ್ನು ಒಪ್ಪಿಸುವಂತಿಲ್ಲ ಅಂತ ಇದೆ. ಇಲ್ಲಿನ ಸಮಿತಿ ಅವಳ ಜಿಲ್ಲೆಯ ಸಮಿತಿಗೆ ಬರೆಯುತ್ತದೆ. ಅಲ್ಲಿಯವರು ಮನೆಗೆ ಹೋಗಿ ನೋಡಿ ವರದಿ ಕೊಡಬೇಕು. ವರದಿ ತಡವಾಗುತ್ತದೆ, ನಿಜ. ಮಗು ಅಪ್ನಾ ಘರ್‌ನಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲದೆ ಮಂಕಾಗಿ ಕೂರುತ್ತದೆ, ಅದೂ ನಿಜ. ನಾನು ಅಲ್ಲಿಗೆ ಹೋಗುವಾಗ ಚುರುಮುರಿ, ಶೇಂಗಾ ಹೋಳಿಗೆ ಒಯ್ಯುತ್ತಿದ್ದೆ. ನಿಯಮದಲ್ಲಿ ಅವಕಾಶ ಇತ್ತೋ ಇಲ್ಲವೋ, ಯಾರೂ ತಡೆಯಲಿಲ್ಲ.

ಮನೆ ಸರಿಯಿಲ್ಲ ಅಂತಾದರೆ ಆ ಜಿಲ್ಲೆಯ ಬಾಲಕಿಯರ ಬಾಲಮಂದಿರ ಇದೆ. ಓದು ಬಿಟ್ಟವರಿಗೆ ಕಸ್ತೂರ್ಬಾ ಶಾಲೆ ಇದೆ. ಮನೆ ಸರಿಯಿದೆ, ಬಡತನ ಒಂದೇ ಕಾರಣ ಅಂತಾದರೆ ಸರ್ಕಾರದ ಮಕ್ಕಳ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಕೇಳಬಹುದು. ಇದು ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಎಷ್ಟೋ ಕುಟುಂಬಗಳಿಗೆ ಇದರ ಹೆಸರೇ ಗೊತ್ತಿಲ್ಲ.

ಪೊಲೀಸರು ಕೇಳಿಸಿಕೊಳ್ಳದಿದ್ದರೆ ಏನು ಮಾಡುವುದು ಅಂತಲೂ ನಿಮ್ಮ ಮನಸ್ಸಿನಲ್ಲಿರಬಹುದು. ಅಂಥದ್ದು ಆಗುವುದೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಮುಂಬೈ ಪೊಲೀಸರು 2022ರ ಜೂನ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿದ್ದರು, ಪೋಕ್ಸೊ ಕೇಸು ದಾಖಲಿಸುವ ಮುಂಚೆ ಡಿಸಿಪಿ ಒಪ್ಪಿಗೆ ಬೇಕು ಅಂತ. ಸುಳ್ಳು ದೂರು ತಡೆಯೋಕೆ ಅನ್ನುವುದು ಅವರ ಕಾರಣ. ಗಲಾಟೆ ಆದ ಮೇಲೆ, ಹೊಸ ಕಮಿಷನರ್ ಬಂದು ಅದನ್ನು ವಾಪಸ್ ತೆಗೆದುಕೊಂಡರು. 2024ರ ಆಗಸ್ಟಿನಲ್ಲಿ ಬದ್ಲಾಪುರದ ಶಾಲೆಯಲ್ಲಿ ಇಬ್ಬರು ಪುಟ್ಟ ಮಕ್ಕಳ ಮೇಲೆ ಆದದ್ದಕ್ಕೆ ದೂರು ತಡವಾಗಿ ತೆಗೆದುಕೊಂಡರು ಅಂತಲೇ ಜನ ರೈಲು ಹಳಿ ಮೇಲೆ ಕೂತರು. ಆಮೇಲೆ ಮಹಾರಾಷ್ಟ್ರ ಸರ್ಕಾರ ಶಾಲೆಗಳಿಗೆ ಸಿಸಿಟಿವಿ, ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆ, ದೂರು ಪೆಟ್ಟಿಗೆ, ಮಕ್ಕಳ ಸುರಕ್ಷತೆ ನೋಡುವ ಸಖಿ ಸಾವಿತ್ರಿ ಸಮಿತಿ ಅಂತ ಆದೇಶದ ಮೇಲೆ ಆದೇಶ ಹೊರಡಿಸಿತು. ಆದೇಶ ಒಳ್ಳೆಯದೇ. ಆದರೆ ಕ್ಯಾಮೆರಾ ತಾನಾಗಿ ಫೋನ್ ಎತ್ತಿ ಮಾತಾಡುವುದಿಲ್ಲ.

ಠಾಣೆಯಲ್ಲಿ "ಇದು ನಮ್ಮ ಹದ್ದಿಗೆ ಬರಲ್ಲ" ಅಂದರೆ ಝೀರೋ ಎಫ್‌ಐಆರ್ ಮಾಡಿ ಅನ್ನಿ. ಯಾವ ಠಾಣೆಯಾದರೂ ದೂರು ತೆಗೆದುಕೊಳ್ಳಬೇಕು. ಆದರೂ ಕೇಳದಿದ್ದರೆ ನೇರವಾಗಿ ಮಕ್ಕಳ ಕಲ್ಯಾಣ ಸಮಿತಿಗೆ ಹೇಳಿ. ಅಲ್ಲಿಗೆ ವಕೀಲರು ಬೇಕಾಗಿಲ್ಲ, ಅರ್ಜಿ ಇಂಗ್ಲಿಷಿನಲ್ಲೇ ಇರಬೇಕು ಅಂತಲೂ ಇಲ್ಲ.

ಫೋನ್ ಎತ್ತಿದವರಿಗೆ ಮೊದಲು ಗೆಸ್ಟ್‌ಹೌಸಿನ ಹೆಸರು, ರೂಮ್ ನಂಬರು ಹೇಳಿ. ಎರಡನೇ ವಾಕ್ಯ ಇದು: "ಲಡ್ಕಿ ಕನ್ನಡ ಬೋಲ್ತೀ ಹೈ, ಕನ್ನಡವಾಲಾ ಸಾಥ್ ಮೇ ಲಾನಾ." ಹುಡುಗಿ ಕನ್ನಡದವಳು, ಕನ್ನಡ ಬಲ್ಲವರನ್ನು ಜೊತೆಗೆ ಕರೆತನ್ನಿ ಅಂತ ಅರ್ಥ. ಇದನ್ನು ಬರೆದುಕೊಳ್ಳಿ ಅಂತ ಕೇಳಿ.

ನೀವು ಇದನ್ನು ಓದುವ ಹೊತ್ತಿಗೆ ಅವರು ರೂಮ್ ಖಾಲಿ ಮಾಡಿದ್ದರೂ ಫೋನ್ ಮಾಡಿ. ರಿಜಿಸ್ಟರಿನಲ್ಲಿ ಆ ಆಧಾರ್ ಪ್ರತಿ ಇರುತ್ತದೆ. ಕಾರಿನ ನಂಬರು ನಿಮಗೆ ನೆನಪಿರುತ್ತದೆ. ಗೇಟಿನ ಕ್ಯಾಮೆರಾದ ದೃಶ್ಯ ಮಾತ್ರ ಕೆಲವೇ ದಿನ ಇರುತ್ತದೆ, ಆಮೇಲೆ ಅದರ ಮೇಲೇ ಹೊಸದು ಕೂರುತ್ತದೆ. ಎರಡು ವಾರ ಆಗಲೇ ಆಯ್ತು.